ಮಾತಾಡದವರ ಕೈಗೆ ನಕ್ಷೆ ಕೊಡಿ

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಊರ ನಡುವೆ ಕೆರೆ ಇದೆ. ಏರಿ ಪಕ್ಕ ಸಂತೆ ಜಾಗ, ಬಸ್ ಸ್ಟಾಪು, ಖಾಲಿ ಬಿದ್ದ ಹಳೇ ಶಾಲೆ ಕಟ್ಟಡ ಇವೆ. ಇವನ್ನೆಲ್ಲ ಸೇರಿಸಿ ಒಂದು ಒಳ್ಳೆ ಯೋಜನೆ ಮಾಡಬೇಕು ಅಂತ ನಾವು ಕೆಲವು ಹುಡುಗರು ಸಭೆ ಕರೆದೆವು. 60 ಜನ ಬಂದರು, ಮಾತಾಡಿದ್ದು ನಾಲ್ಕೇ ಜನ. ಏಳು ಹೆಂಗಸರಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಕೆರೆ ಒತ್ತುವರಿ ವಿಷಯ ಬಂತು, ಜಗಳ ಆಗಿ ಸಭೆ ಮುಗಿಯಿತು. ಊರಿನವರೆಲ್ಲ ಸೇರಿ ನಕ್ಷೆ ಮಾಡುವ ಕಾರ್ಯಾಗಾರ ಅಂತ ಇರುತ್ತದಂತೆ. ಅದನ್ನು ಹೇಗೆ ನಡೆಸುವುದು, ಯಾವಾಗ ಮಾಡಿದರೆ ಒಳ್ಳೇದು, ಪಂಚಾಯ್ತಿಯವರು ಅದಕ್ಕೆ ಬೆಲೆ ಕೊಡುತ್ತಾರಾ?

ಉತ್ತರ: ಸಭೆ ಕೆಟ್ಟಿತು ಅಂತ ನಿಮ್ಮೂರಿನ ಜನರ ಮೇಲೆ ಬೇಸರ ಮಾಡಿಕೊಳ್ಳಬೇಡಿ. 60 ಜನರನ್ನು ಸಾಲಾಗಿ ಕೂರಿಸಿ, ಮುಂದೆ ಮೈಕು ಇಟ್ಟು, ‘ಊರಿಗೆ ಏನು ಬೇಕು ಹೇಳಿ’ ಅಂದರೆ ಯಾವ ಊರಲ್ಲಾದರೂ ನಾಲ್ಕೇ ಜನ ಮಾತಾಡುತ್ತಾರೆ. ಹಾಗಂತ ಉಳಿದ 56 ಜನರಿಗೆ ಊರು ಗೊತ್ತಿಲ್ಲ ಅಂತಲ್ಲ. ಯಾವ ತಿರುವಿನಲ್ಲಿ ಮಳೆಗಾಲದಲ್ಲಿ ಕಾಲು ಜಾರುತ್ತದೆ, ಯಾವ ಹಳ್ಳ ಏರಿದರೆ ಮಕ್ಕಳು ಶಾಲೆ ತಪ್ಪಿಸುತ್ತಾರೆ, ಕೆರೆಯ ಯಾವ ಮೂಲೆ ಬೇಸಿಗೆಯಲ್ಲೂ ಒಣಗುವುದಿಲ್ಲ, ಇದೆಲ್ಲ ಅವರಿಗೆ ಗೊತ್ತು. ಅದು ಭಾಷಣವಾಗಿ ಹೊರಗೆ ಬರುವುದಿಲ್ಲ, ಅಷ್ಟೇ. ಕೈಗೆ ಏನಾದರೂ ಕೊಟ್ಟರೆ ಬರುತ್ತದೆ. ಒಂದು ನಕ್ಷೆ, ಒಂದು ಹಿಡಿ ರಂಗೋಲಿ ಪುಡಿ, ಎತ್ತಿ ಇಡಬಹುದಾದ ಒಂದು ಪುಟ್ಟ ಮನೆ ಸಾಕು. ನಾನು ಮುಂದೆ ಹೇಳುವುದೆಲ್ಲ ಇದೊಂದೇ ಮಾತಿನ ಸುತ್ತ ಇದೆ.

ಇದೇನೂ ಹೊಸ ವಿದ್ಯೆ ಅಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಟೋನಿ ಗಿಬ್ಸನ್ ಎಂಬುವರು ಬಡಾವಣೆಯ ಜನರಿಂದಲೇ ಅವರ ಬೀದಿಗಳ ಮಾದರಿ ಮಾಡಿಸುತ್ತಿದ್ದರು. ರಟ್ಟಿನ ಆ ಮಾದರಿಯ ಮೇಲೆ ‘ಇಲ್ಲಿ ದೀಪ ಬೇಕು’, ‘ಇಲ್ಲಿ ಮಕ್ಕಳಿಗೆ ಆಟದ ಜಾಗ’ ಅಂತ ಬರೆದ ಚೀಟಿಗಳನ್ನು ಜನ ಇಡುತ್ತಿದ್ದರು. ಚೀಟಿ ಇಟ್ಟವರು ಯಾರು ಅಂತ ಕೇಳುವ ಹಾಗಿರಲಿಲ್ಲ. ನಮ್ಮ ಕರ್ನಾಟಕದಲ್ಲೂ 1990ರ ಸುಮಾರಿಗೆ ಮೈರಾಡ ಸಂಸ್ಥೆಯವರು ಹಳ್ಳಿ ಜನರಿಂದ ನೆಲದ ಮೇಲೆ ನಕ್ಷೆ ಬರೆಸುವ ಕೆಲಸ ಮಾಡಿದರು. ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು ಈ ಪದ್ಧತಿಯನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಹಾಗಾಗಿ ಇದನ್ನು ದೂರದಿಂದ ತರಬೇಕಾಗಿಲ್ಲ, ಕರ್ನಾಟಕದ ಮಣ್ಣಿನಲ್ಲಿ ಆಗಲೇ ಬೇರು ಬಿಟ್ಟಿದೆ.

ಮೊದಲು ಯಾವಾಗ ಅನ್ನುವುದನ್ನು ನೋಡೋಣ. ಮಲೆನಾಡಿನಲ್ಲಿ ತಪ್ಪು ತಿಂಗಳು ಆರಿಸಿಕೊಂಡರೆ ಅರ್ಧ ಕೆಲಸ ಅಲ್ಲಿಗೇ ಕೆಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗದ್ದೆ ನಾಟಿ ಇರುತ್ತದೆ, ಮಳೆ ಬಿಡುವು ಕೊಟ್ಟಾಗ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಗಡಿಬಿಡಿ. ಯಾರೂ ಬರುವುದಿಲ್ಲ. ಅಡಿಕೆ ಕೊಯ್ಲು ಏರಿದ ಮೇಲಂತೂ ಹೆಂಗಸರು ರಾತ್ರಿ ಹತ್ತು ಗಂಟೆವರೆಗೂ ಅಡಿಕೆ ಸುಲಿಯುತ್ತಿರುತ್ತಾರೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನಲ್ಲಿ ಉಣ್ಣೆ ಹುಳ (ಉಣುಗು) ಜಾಸ್ತಿ, ಅದು ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯ. 1957ರಲ್ಲಿ ಈ ಕಾಯಿಲೆ ಮೊದಲು ಕಂಡಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅಲ್ವಾ. ಆ ತಿಂಗಳುಗಳಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕಾಡಂಚಿನ ನಡಿಗೆಗೆ ಕರೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಆಯ್ಕೆ ಸೆಪ್ಟೆಂಬರ್. ಗಣಪತಿ ಹಬ್ಬ ಮುಗಿದ ಮೇಲೆ ಇಟ್ಟುಕೊಳ್ಳಿ, ಅಷ್ಟರಲ್ಲಿ ನಾಟಿ ಮುಗಿದಿರುತ್ತದೆ, ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ಕೆರೆ ತುಂಬಿರುತ್ತದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಉಂಬಳದ (ಜಿಗಣೆ) ಕಾಟ ಇರುತ್ತದೆ, ಅದಕ್ಕೆ ಸುಣ್ಣ, ಹೊಗೆಸೊಪ್ಪು ನಿಮ್ಮಲ್ಲೇ ಇದೆಯಲ್ಲ.

ಸೆಪ್ಟೆಂಬರ್‌ಗೆ ಇನ್ನೊಂದು ಕಾರಣವೂ ಇದೆ, ಅದು ಪಂಚಾಯ್ತಿಗೆ ಸಂಬಂಧಪಟ್ಟಿದ್ದು. 2018ರಿಂದ ದೇಶದಾದ್ಯಂತ ಅಕ್ಟೋಬರ್ 2ರಂದು ಜನ ಯೋಜನೆ ಅಭಿಯಾನ ಶುರುವಾಗುತ್ತದೆ. ಮುಂದಿನ ವರ್ಷ ಪಂಚಾಯ್ತಿ ಏನು ಕೆಲಸ ಮಾಡಬೇಕು ಅಂತ ಬರೆಯುವ ಕಾಲ ಅದು. ನಮ್ಮ ರಾಜ್ಯದಲ್ಲಿ ಇದಕ್ಕೆ ‘ನಮ್ಮ ಗ್ರಾಮ ನಮ್ಮ ಯೋಜನೆ’ ಅಂತ ಹೆಸರು. ನಿಮ್ಮ ನಕ್ಷೆ ಅಷ್ಟರೊಳಗೆ ತಯಾರಿದ್ದರೆ ಅದಕ್ಕೆ ಹೋಗಲು ಒಂದು ಬಾಗಿಲಿದೆ. ಫೆಬ್ರವರಿಯಲ್ಲಿ ಚಂದದ ಕಾರ್ಯಾಗಾರ ಮಾಡಿ, ಆ ವರ್ಷದ ಪಟ್ಟಿ ಆಗಲೇ ಮುಗಿದಿದ್ದರಿಂದ ನಕ್ಷೆ ಬೀರುವಿನಲ್ಲಿ ಉಳಿದುಹೋದ ಊರುಗಳನ್ನು ನಾನು ನೋಡಿದ್ದೇನೆ. ಅದು ನೋವಿನ ವಿಷಯ. ಜನ ಮತ್ತೊಮ್ಮೆ ಕರೆದರೆ ಬರುವುದಿಲ್ಲ.

ಇನ್ನು ತಯಾರಿ. ನಿಮ್ಮ ಕಡೆ ನಕ್ಷೆ, ಅಳತೆ ಟೇಪು ಹಿಡಿದು ನಾಲ್ಕು ಜನ ಓಡಾಡಿದರೆ ಹಳಬರ ಎದೆ ಝಲ್ಲೆನ್ನುತ್ತದೆ. ಅದಕ್ಕೆ ಕಾರಣ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಊರುಗಳು ನೀರಿನಡಿ ಹೋದವು. ಆಮೇಲೆ ನಿಮ್ಮ ತಾಲ್ಲೂಕಿನಲ್ಲೇ ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳು ಬಂದವು. ಆ ಮನೆಗಳಿಂದ ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ನಿಮ್ಮೂರಲ್ಲೂ ಇರಬಹುದು. ಅವರ ಮಟ್ಟಿಗೆ ಯೋಜನೆ ಅಂದರೆ ಬೇರೆಯವರು ಬರೆದು, ತಾವು ಜಾಗ ಬಿಡಬೇಕಾದ ಕಾಗದ. ಹಾಗಾಗಿ ಕರಪತ್ರದ ಮೊದಲ ಸಾಲಲ್ಲೇ ಸ್ಪಷ್ಟವಾಗಿ ಬರೆಯಿರಿ: ಇದರಲ್ಲಿ ಯಾರ ಜಮೀನನ್ನೂ ತೆಗೆದುಕೊಳ್ಳುವ ವಿಷಯ ಇಲ್ಲ, ಕೆರೆ, ಸಂತೆ ಜಾಗ, ಬಸ್ ಸ್ಟಾಪು, ಹಳೇ ಶಾಲೆ ಇಷ್ಟರ ಬಗ್ಗೆ ಮಾತ್ರ. ಬಾಯಲ್ಲೂ ಹೇಳಿ. ಮನೆಮನೆಗೆ ಹೋಗಿ ಹೇಳಿ.

ಅದೇ ಕರಪತ್ರದಲ್ಲಿ ಯಾವುದು ತೀರ್ಮಾನ ಆಗಿಹೋಗಿದೆ, ಯಾವುದು ಇನ್ನೂ ಜನರ ಕೈಯಲ್ಲಿದೆ ಅನ್ನುವುದನ್ನೂ ತಿಳಿಸಿ. ರಸ್ತೆ ಅಗಲ ಮಾಡುವುದು ಲೋಕೋಪಯೋಗಿ ಇಲಾಖೆಯಲ್ಲಿ ಆಗಲೇ ನಿರ್ಧಾರ ಆಗಿದ್ದರೆ, ‘ಅದನ್ನು ನಾವು ಬದಲಿಸಲು ಆಗಲ್ಲ, ಆದರೆ ಬಸ್ ಸ್ಟಾಪು ಎಲ್ಲಿರಬೇಕು ಅಂತ ಹೇಳಬಹುದು’ ಅಂತ ನೇರವಾಗಿ ಹೇಳಿ. 1969ರಲ್ಲಿ ಅಮೆರಿಕದ ಶೆರಿ ಆರ್ನ್‌ಸ್ಟೈನ್ ಜನರ ಪಾಲುಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಗೆ ಹೋಲಿಸಿದ್ದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಸುಮ್ನೆ ಕೂರಿಸಿ ಒಪ್ಪಿಸುವ ಕೆಲಸ, ಮೇಲಿನ ಮೆಟ್ಟಿಲಲ್ಲಿ ತೀರ್ಮಾನವೇ ಜನರ ಕೈಯಲ್ಲಿ. ನಿಮ್ಮದು ಯಾವ ಮೆಟ್ಟಿಲು ಅಂತ ಮೊದಲೇ ಜನರಿಗೆ ಹೇಳಿಬಿಟ್ಟರೆ ಆಮೇಲೆ ‘ನಮಗೆ ಮೋಸ ಮಾಡಿದಿರಿ’ ಅನ್ನುವ ಮಾತು ಬರುವುದಿಲ್ಲ.

ನಕ್ಷೆಗೆ ಜಾಸ್ತಿ ಖರ್ಚಿಲ್ಲ. ಗ್ರಾಮ ನಕಾಶೆ ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಉಪಗ್ರಹ ಚಿತ್ರದ ಮೇಲೆ ಇವನ್ನು ಕೂರಿಸಿ, ಶಿವಮೊಗ್ಗದಲ್ಲಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಒಂದು ಎಚ್ಚರಿಕೆ: ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಮರಗಳ ಕೆಳಗೆ ಇನ್ನೂ ಜಾಸ್ತಿ. ಅದನ್ನು ಹಿಡಿದುಕೊಂಡು ಗಡಿ ಜಗಳಕ್ಕೆ ಇಳಿಯಬೇಡಿ.

ಒತ್ತುವರಿ ವಿಷಯಕ್ಕೇ ಬರುತ್ತೇನೆ, ನಿಮ್ಮ ಸಭೆ ಮುರಿದಿದ್ದು ಅಲ್ಲೇ. ಕಾರ್ಯಾಗಾರ ಕೋರ್ಟ್ ಅಲ್ಲ. ಅಲ್ಲಿ ಯಾರು ಎಷ್ಟು ಒತ್ತಿದ್ದಾರೆ ಅಂತ ತೀರ್ಮಾನ ಆಗುವುದಿಲ್ಲ, ಆಗಲೂಬಾರದು. ಎರಡು ಮೂರು ತಿಂಗಳು ಮೊದಲೇ ಪಂಚಾಯ್ತಿ ಮೂಲಕ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು, ಸರ್ವೆಯರ್ ಬಂದು ಕೆರೆ ಅಂಗಳದ ಗಡಿ ಗುರುತು ಮಾಡುವಂತೆ ಕೇಳಿ. ಅವರು ಬಂದರೆ ಒಳ್ಳೇದು, ಗಡಿ ಕಲ್ಲು ನಕ್ಷೆಗೆ ಬರುತ್ತದೆ. ಬರದೇ ಇದ್ದರೆ ನಕ್ಷೆಯಲ್ಲಿ ಆ ಅಂಚನ್ನು ಚುಕ್ಕಿ ಗೆರೆಯಲ್ಲಿ ಬರೆದು ‘ಅಳತೆ ಆಗಬೇಕು’ ಅಂತ ಬರೆದಿಡಿ. ಯಾವ ಕಾರಣಕ್ಕೂ ನಕ್ಷೆ ಮೇಲೆ ಮನೆ ಯಜಮಾನರ ಹೆಸರು ಬರೆಯಬೇಡಿ. ಒತ್ತಿಕೊಂಡವರಲ್ಲಿ ಅರ್ಧ ಎಕರೆಯೂ ಇಲ್ಲದ ಬಡವರೂ ಇರುತ್ತಾರೆ. ಹೆಸರು ಕಂಡ ಕೂಡಲೇ ಅವರು ಎದ್ದು ಹೋಗುತ್ತಾರೆ. ಅವರು ಎದ್ದು ಹೋದರೆ ನಿಮ್ಮ ಯೋಜನೆ ಊರಿನದ್ದಾಗಿ ಉಳಿಯುವುದಿಲ್ಲ.

ಕಾರ್ಯಾಗಾರದ ದೊಡ್ಡ ದಿನಕ್ಕಿಂತ ಮುಂಚೆ ಕೇರಿ ಕೇರಿಗೆ ಹೋಗಿ. ಇದನ್ನು ಮಾತ್ರ ಬಿಡಬೇಡಿ. ಬಯಲುಸೀಮೆಯ ಹಾಗೆ ನಮ್ಮ ಮನೆಗಳು ಒತ್ತಾಗಿಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಹಳ್ಳದ ಆಚೆ. ಎಲ್ಲರೂ ಒಂದೇ ಕಡೆ ಬರಲಿ ಅಂದರೆ ಬೈಕು ಇರುವವರು ಬರುತ್ತಾರೆ. ಕೂಲಿ ಮಾಡುವವರಿಗೆ ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಯಿತು. ಅವರ ಕೇರಿಗೆ ಸಂಜೆ ನೀವೇ ಹೋಗಿ. ಹೆಂಗಸರಿಗೆ ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ, ಸಂಜೆ ಹಾಲು ಕರೆಯುವ ಮುಂಚೆ, ಅಂದರೆ ಎರಡರಿಂದ ನಾಲ್ಕರವರೆಗೆ ಬಿಡುವು. ಸ್ತ್ರೀಶಕ್ತಿ ಸಂಘದ ಸಭೆ ಇರುವ ದಿನವೇ ಹೋದರೆ ಬೇರೆ ಕರೆಯಬೇಕಾಗಿಲ್ಲ. ಅಲ್ಲಿ ಗಂಡಸರು ಇರಬಾರದು, ಸಂಘಟಕರಾದ ನೀವೂ ಇರಬಾರದು. ಊರಿನ ಒಬ್ಬ ಟೀಚರೋ, ಆಶಾ ಕಾರ್ಯಕರ್ತೆಯೋ ನಡೆಸಲಿ.

ಆ ಹೊತ್ತಿನಲ್ಲಿ ಏನು ಮಾಡಬೇಕು? ಜಗಲಿಯಲ್ಲೋ, ಕಣದಲ್ಲೋ ರಂಗೋಲಿ ಪುಡಿ ಕೊಟ್ಟು ‘ನಿಮ್ಮ ಕೇರಿಯಿಂದ ಕೆರೆವರೆಗೆ ದಾರಿ ಬರೆಯಿರಿ’ ಅನ್ನಿ. ಅಷ್ಟೇ. ಮೊದಲು ಎಲ್ಲರೂ ನಗುತ್ತಾರೆ, ‘ನಮಗೆ ಬರಲ್ಲ ಕಣ್ರೀ’ ಅನ್ನುತ್ತಾರೆ. ಐದು ನಿಮಿಷ ಸುಮ್ಮನಿರಿ. ಒಬ್ಬರು ಗೆರೆ ಎಳೆಯುತ್ತಾರೆ. ಇನ್ನೊಬ್ಬರು ‘ಅಯ್ಯೋ ಅಲ್ಲಲ್ಲ, ಹಳ್ಳ ದಾಟುವ ಸಂಕ ಈಚೆ ಬರುತ್ತೆ’ ಅಂತ ಅಳಿಸುತ್ತಾರೆ. ಅಲ್ಲಿಂದ ಮುಂದೆ ನೀವು ಏನೂ ಹೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ಅಳತೆ ತಪ್ಪದೆ ರಂಗೋಲಿ ಹಾಕುವ ಕೈಗಳು ಅವು. ತೀರ್ಥಹಳ್ಳಿ ಕಡೆಯ ಒಂದು ಊರಲ್ಲಿ ಗಂಡಸರು ಬರೆದ ನಕ್ಷೆಯಲ್ಲಿ ರಸ್ತೆ, ದೇವಸ್ಥಾನ, ಸೊಸೈಟಿ ಇದ್ದವು. ಹೆಂಗಸರ ನಕ್ಷೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಸೌದೆ ತರುವ ದಾರಿ, ಕತ್ತಲಾದ ಮೇಲೆ ಯಾರೂ ಒಬ್ಬರೇ ಹೋಗದ ಒಂದು ತಿರುವು ಇತ್ತು. ಆ ತಿರುವಿಗೆ ಒಂದು ದೀಪ ಬೇಕಿತ್ತು, ಅಷ್ಟೇ. ಅಷ್ಟು ವರ್ಷ ಯಾವ ಸಭೆಯಲ್ಲೂ ಅದು ಬಂದಿರಲಿಲ್ಲ. ಎರಡೂ ನಕ್ಷೆಗಳ ಫೋಟೊ ತೆಗೆದಿಡಿ. ದೊಡ್ಡ ದಿನ ಗೋಡೆಗೆ ಅಕ್ಕಪಕ್ಕ ಹಚ್ಚಿ.

ಮಕ್ಕಳಿಗೆ ಶಾಲೆಯಲ್ಲೇ ಒಂದು ಪೀರಿಯಡ್ ಕೇಳಿಕೊಳ್ಳಿ. ಮನೆಯಿಂದ ಶಾಲೆಗೆ ಬರುವ ದಾರಿ ಬರೆದು, ಹೆದರಿಕೆ ಆಗುವ ಜಾಗಕ್ಕೆ ಕೆಂಪು, ಇಷ್ಟದ ಜಾಗಕ್ಕೆ ಹಸಿರು ಬಣ್ಣ ಹಚ್ಚಲಿ.

ಈಗ ಮಾದರಿ. ಇದಕ್ಕೆ ಒಂದು ವಾರ ಇಡಿ, ಹೈಸ್ಕೂಲಿನ ಮಕ್ಕಳೇ ಮಾಡುತ್ತಾರೆ. 1:500 ಅಳತೆ ಇಟ್ಟುಕೊಂಡರೆ 1 ಸೆಂ.ಮೀ. ಅಂದರೆ ನೆಲದ ಮೇಲೆ 5 ಮೀಟರ್. ಕೆರೆ, ಸಂತೆ, ಶಾಲೆ ಸೇರಿ ಉದ್ದ 500 ಮೀಟರ್, ಅಗಲ 400 ಮೀಟರ್ ಅಂತ ಇಟ್ಟುಕೊಳ್ಳಿ, ಮಾದರಿ 100 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲ ಆಗುತ್ತದೆ. ಒಂದು ಮೇಜಿನ ಮೇಲೆ ಕೂರುತ್ತದೆ, ಸುತ್ತ ಹತ್ತು ಜನ ನಿಲ್ಲಬಹುದು. ಏರು ತಗ್ಗು ತೋರಿಸಲು ರಟ್ಟು ಪದರ ಪದರವಾಗಿ ಅಂಟಿಸಿ. ರಟ್ಟು 4 ಮಿ.ಮೀ. ದಪ್ಪ ಇದ್ದರೆ ಒಂದು ಪದರ ಅಂದರೆ 2 ಮೀಟರ್ ಏರು. ಆ ಏರನ್ನು ಅಳೆಯಲು ದೊಡ್ಡ ಯಂತ್ರ ಬೇಡ, ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಟ್ಯೂಬು ಸಾಕು. ಮನೆಗಳನ್ನು ಅಡಿಕೆ ಹಾಳೆಯಲ್ಲಿ ಕತ್ತರಿಸಿ, ಹಳ್ಳಕ್ಕೆ ನೀಲಿ ದಾರ ಹಾಕಿ. ಇದರಲ್ಲಿ ಯಾವುದನ್ನೂ ಗಟ್ಟಿಯಾಗಿ ಅಂಟಿಸಬೇಡಿ. ಎತ್ತಿ ಇನ್ನೊಂದು ಕಡೆ ಇಡುವ ಹಾಗಿರಬೇಕು. ನಾನು ಮೊದಮೊದಲು ಚಂದದ ಬಣ್ಣದ ಚಿತ್ರ ಬಿಡಿಸಿಕೊಂಡು ಹೋಗುತ್ತಿದ್ದೆ. ಜನ ನೋಡಿ ‘ಚೆನ್ನಾಗಿದೆ’ ಅಂದು ಕೈಕಟ್ಟಿ ನಿಲ್ಲುತ್ತಿದ್ದರು. ಮುಗಿದು ಹೋದ ಚಿತ್ರದ ಮೇಲೆ ಯಾರೂ ಕೈ ಇಡುವುದಿಲ್ಲ. ಆಗಿನಿಂದ ಪೆನ್ಸಿಲು, ರಟ್ಟು, ಹಾಳೆ ಬಿಟ್ಟು ಬೇರೇನೂ ಒಯ್ಯುವುದಿಲ್ಲ.

ಜಾಗ ಶಾಲೆಯ ಹಾಲ್ ಆಗಲಿ. ದೇವಸ್ಥಾನದ ಅಂಗಳದಲ್ಲಿ ಎಲ್ಲ ಕೇರಿಯವರಿಗೂ ಒಂದೇ ಥರ ಸಲೀಸಾಗಿ ಕೂರಲು ಆಗುತ್ತದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಊಟವೂ ಹಾಗೇ. ಒಂದೇ ಪಂಕ್ತಿ, ಎಲ್ಲ ಕೇರಿಯವರೂ ಸೇರಿ ಬಡಿಸಲಿ. ಇದು ಸಣ್ಣ ವಿಷಯ ಅಲ್ಲ. ಊಟದ ಪಂಕ್ತಿ ಹೇಗಿತ್ತು ಅನ್ನುವುದರ ಮೇಲೆ ಮಧ್ಯಾಹ್ನದ ಮಾತು ನಿಂತಿರುತ್ತದೆ.

ಎರಡು ದಿನ ಇಡಿ. ಮೊದಲ ದಿನ ಬೆಳಿಗ್ಗೆ ಗುಡ್ಡದ ತುದಿಯಿಂದ ಕೆರೆಗೆ, ಕೋಡಿಯಿಂದ ಹಳ್ಳಕ್ಕೆ, ಅಲ್ಲಿಂದ ಗದ್ದೆಗೆ ನಡೆಯಿರಿ. ಏಳೆಂಟು ಜನರ ಗುಂಪುಗಳು ಸಾಕು. ಪ್ರತಿ ಗುಂಪಿನ ಮುಂದೆ ಹಳಬರೊಬ್ಬರು ಇರಲಿ, ತೂಬು ಯಾವಾಗ ಕಟ್ಟಿಕೊಂಡಿತು, ಹೂಳು ಎಲ್ಲಿಂದ ಬರುತ್ತದೆ ಅಂತ ಅವರು ತೋರಿಸಲಿ. ವಾಪಸ್ ಬಂದು ಗುಂಪುಗುಂಪಾಗಿ ಮಾದರಿ ಸುತ್ತ ನಿಂತು, ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ಚೀಟಿ ಇಡಬೇಕು. ಬರೆಯಲು ಬರದವರಿಗೆ ಚಿತ್ರ ಇರುವ ಚೀಟಿ ಮಾಡಿಡಿ: ದೀಪ, ಮರ, ನಲ್ಲಿ, ಬೆಂಚು, ಸಂಕ, ಶೌಚಾಲಯ. ಆ ಹತ್ತು ನಿಮಿಷದ ಮೌನ ನಿಮ್ಮ ನಾಲ್ಕು ಭಾಷಣಕಾರರಿಗೆ ಕಷ್ಟ ಆಗುತ್ತದೆ. ಅವರಿಗೂ ಗೌರವದಿಂದ ಒಂದು ಕೆಲಸ ಕೊಡಿ, ಒಂದೊಂದು ಗುಂಪಿನಲ್ಲಿ ಬೇರೆಯವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ.

ನಡೆಸುವವರ ಬಗ್ಗೆ ಒಂದು ಮಾತು. ತಾಳಮದ್ದಳೆ ನೋಡಿದ್ದೀರಲ್ಲ. ಭಾಗವತರು ಪದ ಎತ್ತುತ್ತಾರೆ, ಅರ್ಥ ಹೇಳುವವರು ಬೇರೆ. ಅರ್ಥ ಎಲ್ಲೋ ಎಳೆದುಕೊಂಡು ಹೋಗುತ್ತಿದೆ ಅನ್ನಿಸಿದರೆ ಭಾಗವತರು ಮುಂದಿನ ಪದ ಎತ್ತುತ್ತಾರೆ, ಪ್ರಸಂಗ ಮುಂದೆ ಹೋಗುತ್ತದೆ. ಕಾರ್ಯಾಗಾರ ನಡೆಸುವವರು ಇರಬೇಕಾದ್ದು ಹಾಗೆ. ಕೆರೆ ಪಕ್ಕ ಪಾರ್ಕು ಬೇಕೋ ಬೇಡವೋ ಅಂತ ಅವರು ಹೇಳಬಾರದು. ನಿಮ್ಮ ಗುಂಪಿನಲ್ಲಿ ಯಾರಿಗೆ ಈ ವಿಷಯದಲ್ಲಿ ಗಟ್ಟಿ ಅಭಿಪ್ರಾಯ ಇದೆಯೋ ಅವರು ನಡೆಸುವುದು ಬೇಡ, ಒಂದು ಗುಂಪಿನಲ್ಲಿ ಕೂರಲಿ.

ಸಂಜೆ ಹೊತ್ತಿಗೆ ಐವತ್ತು ಅರವತ್ತು ಬೇಡಿಕೆ ಆಗಿರುತ್ತದೆ. ಯಾವುದು ಮೊದಲು ಅಂತ ಆರಿಸಲು ಒಬ್ಬೊಬ್ಬರಿಗೂ ಹತ್ತು ಗೋಟಡಿಕೆ ಕೊಡಿ. ಪ್ರತಿ ಬೇಡಿಕೆಯ ಮುಂದೆ ಒಂದು ಬಟ್ಟಲು. ಬೇಕಾದ್ದಕ್ಕೆ ಬೇಕಾದಷ್ಟು ಹಾಕಲಿ. ಆದರೆ ಎಣಿಕೆ ಶುರು ಮಾಡುವ ಮೊದಲು ಒಂದು ನಿಯಮ ಇಟ್ಟುಕೊಳ್ಳಿ: ಜೀವಕ್ಕೆ ಅಪಾಯ ಇರುವ ವಿಷಯಗಳು ಬಟ್ಟಲಿಗೆ ಹೋಗುವುದಿಲ್ಲ, ಅವು ಮೊದಲೇ ಪಟ್ಟಿಯ ಮೇಲೆ ಬರುತ್ತವೆ. ಯಾಕೆ ಅಂದರೆ ಹಳ್ಳದ ಆಚೆ ಐದೇ ಮನೆ ಇರುತ್ತವೆ. ಅವರ ಕಾಲುಸಂಕಕ್ಕೆ ಐದು ಮನೆಯವರ ಅಡಿಕೆ ಮಾತ್ರ ಬೀಳುತ್ತದೆ. ಊರ ಬಾಗಿಲಿಗೆ ಕಮಾನು ಕಟ್ಟಿಸೋಣ ಅನ್ನುವುದಕ್ಕೆ ಬಟ್ಟಲು ತುಂಬಿ ಚೆಲ್ಲಬಹುದು. ಬರೀ ಎಣಿಕೆ ಮಾಡಿದರೆ ಆ ಐದು ಮನೆಯ ಮಕ್ಕಳು ಪ್ರತಿ ಜುಲೈಯಲ್ಲೂ ಅಡಿಕೆ ಮರದ ದಬ್ಬೆ ಮೇಲೆ ಜೀವ ಕೈಯಲ್ಲಿ ಹಿಡಿದು ದಾಟುತ್ತಲೇ ಇರುತ್ತಾರೆ. ನನಗೆ ಇದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ, ಯಾಕೆಂದರೆ ಒಂದು ಊರಲ್ಲಿ ಹೀಗೆ ಎಣಿಕೆಯಲ್ಲಿ ಸೋತ ಸಂಕವನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮೊದಲ ದಿನದ ರಾತ್ರಿ, ಆರ್ಕಿಟೆಕ್ಚರ್ ಅಥವಾ ಸಿವಿಲ್ ಓದುವ ನಾಲ್ಕೈದು ಮಕ್ಕಳು ಊರಲ್ಲೇ ಉಳಿದು, ಅಷ್ಟನ್ನೂ ಎರಡು ಮೂರು ಬೇರೆ ಬೇರೆ ಕಚ್ಚಾ ನಕ್ಷೆಯಾಗಿ ಬರೆಯಲಿ. ಹೀಗೆ ಬಿಡದೆ ಕೂತು ಬರೆಯುವ ಪದ್ಧತಿಗೆ ಹೊರಗೆ ‘ಶರೆಟ್’ ಅನ್ನುತ್ತಾರೆ. ಫ್ರೆಂಚ್‌ನಲ್ಲಿ ಹಾಗಂದರೆ ಗಾಡಿ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ವಿದ್ಯಾರ್ಥಿಗಳ ನಕ್ಷೆಗಳನ್ನು ಒಟ್ಟು ಮಾಡಲು ಗಾಡಿ ಬರುತ್ತಿತ್ತಂತೆ, ಕೊನೇ ಗಳಿಗೆವರೆಗೂ ಅವರು ಬರೆಯುತ್ತಲೇ ಇರುತ್ತಿದ್ದರಂತೆ. ಎರಡನೇ ದಿನ ಬೆಳಿಗ್ಗೆ ಜನ ಬಂದು ನೋಡಿ, ಆ ನಕ್ಷೆಗಳ ಮೇಲೇ ಕೆಂಪು ಪೆನ್ಸಿಲಲ್ಲಿ ತಿದ್ದಲಿ. ಮಧ್ಯಾಹ್ನದೊಳಗೆ ಒಂದು ನಕ್ಷೆ ಉಳಿಯುತ್ತದೆ. ಎರಡು ಉಳಿದರೂ ತಪ್ಪಿಲ್ಲ. ಒತ್ತಾಯ ಮಾಡಿ ಒಂದಕ್ಕೆ ಇಳಿಸಬೇಡಿ. ‘ಸಂತೆ ಎಲ್ಲಿರಬೇಕು ಅಂತ ಇನ್ನೂ ಒಪ್ಪಿಗೆ ಆಗಿಲ್ಲ’ ಅಂತ ಬರೆದಿಟ್ಟರೆ ಅದೂ ನಿಜವಾದ ಫಲಿತಾಂಶವೇ.

ಹತ್ತು ದಿನದೊಳಗೆ ಆ ನಕ್ಷೆ ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಶಾಲೆ, ಪಂಚಾಯ್ತಿ ಗೋಡೆ ಮೇಲೆ ಬರಬೇಕು. ಪಕ್ಕದಲ್ಲಿ ಎಲ್ಲ ಚೀಟಿಗಳ ಪಟ್ಟಿ, ಒಂದೊಂದರ ಮುಂದೆ ಏನಾಯಿತು ಅಂತ ಒಂದು ಸಾಲು. ‘ಆಗಲ್ಲ, ಜಾಗ ಅರಣ್ಯ ಇಲಾಖೆಯದು’ ಅಂತ ಬರೆದರೂ ಪರವಾಗಿಲ್ಲ. ಉತ್ತರವೇ ಬರಲಿಲ್ಲ ಅಂದಾಗಲೇ ಜನ ಮುನಿಸಿಕೊಳ್ಳುವುದು.

ಪಂಚಾಯ್ತಿ ಬೆಲೆ ಕೊಡುತ್ತದಾ ಅಂತ ಕೇಳಿದ್ದೀರಿ. ಕಾರ್ಯಾಗಾರಕ್ಕೆ ಕಾನೂನಿನ ಬಲ ಇಲ್ಲ, ವಾರ್ಡ್ ಸಭೆ, ಗ್ರಾಮ ಸಭೆಗಳಿಗೆ ಇದೆ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಎರಡೂ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಹಾಗಾಗಿ ನಿಮ್ಮ ನಕ್ಷೆ ಮೊದಲು ವಾರ್ಡ್ ಸಭೆಗೆ, ಆಮೇಲೆ ಗ್ರಾಮ ಸಭೆಗೆ ಹೋಗಿ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಬರೆದ ಪುಟದ ನಕಲು ಕೇಳಿ ಪಡೆಯಿರಿ. ಅಧ್ಯಕ್ಷರನ್ನೂ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೂ ಕೊನೇ ದಿನ ಉದ್ಘಾಟನೆಗೆ ಕರೆಯುವ ಬದಲು ಮೊದಲ ದಿನದ ನಡಿಗೆಗೇ ಕರೆಯಿರಿ. ಇಡೀ ನಕ್ಷೆಯನ್ನು ಒಂದೇ ಬೇಡಿಕೆಯಾಗಿ ಕೊಡಬೇಡಿ, ಯಾವ ಕೆಲಸಕ್ಕೆ ಯಾವ ಹಣ ಅಂತ ಬಿಡಿಸಿ ಕೊಡಿ. ಉದಾಹರಣೆಗೆ, 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯ್ತಿಗಳಿಗೆ ಕೊಟ್ಟ ಅನುದಾನದಲ್ಲಿ 60% ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಇಂಥ ಮೀಸಲು ಗೊತ್ತಿದ್ದರೆ ಕೆರೆ ಕೆಲಸವನ್ನು ‘ಸುಂದರೀಕರಣ’ ಅಂತ ಬರೆಯದೆ, ನೀರು ನಿಲ್ಲಿಸುವ ಕೆಲಸ ಅಂತಲೇ ಬರೆಯುತ್ತೀರಿ. ನಿಜಕ್ಕೂ ಅದು ಅದೇ ಕೆಲಸ ತಾನೆ.

ಜೊತೆಗೆ, ಹಣ ಬೇಡದ ಒಂದು ಸಣ್ಣ ಕೆಲಸವನ್ನು ಆ ತಿಂಗಳೇ ಮುಗಿಸಿ. ಹಳೇ ಶಾಲೆಯ ಅಂಗಳ ಸವರುವುದೋ, ಕೋಡಿ ಕಾಲುವೆಯ ಕಸ ತೆಗೆಯುವುದೋ. ನಾಟಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳು ಹೋಗಿ ಬರುವ ಊರಿಗೆ ಅರ್ಧ ದಿನ ಸೇರಿ ಕೆಲಸ ಮಾಡುವುದು ಹೊಸದಲ್ಲ.

ಖರ್ಚಿನ ಬಗ್ಗೆ ಚಿಂತೆ ಬೇಡ. ಊಟವೇ ದೊಡ್ಡ ಖರ್ಚು, ಅಕ್ಕಿ, ಕಾಯಿ, ತರಕಾರಿ ಮನೆಮನೆಯಿಂದ ಬಂದರೆ ಅದೂ ಇಳಿಯುತ್ತದೆ. ಉಳಿದದ್ದು ಪ್ರಿಂಟು, ರಟ್ಟು, ಅಂಟು.

ನಾಳೆಯಿಂದಲೇ ಮಾಡಬಹುದಾದ ಕೆಲಸ ಒಂದಿದೆ. ಈ ಮಳೆಗಾಲದಲ್ಲಿ ಕೆರೆ ಕೋಡಿ ಬೀಳುವ ದಿನ ನಿಮ್ಮಲ್ಲಿ ಯಾರಾದರೂ ಕೊಡೆ ಹಿಡಿದು ಅಲ್ಲಿ ನಿಂತು, ನೀರು ಎಲ್ಲಿ ಹರಿಯುತ್ತದೆ, ಸಂತೆ ಜಾಗದಲ್ಲಿ ಎಲ್ಲಿವರೆಗೆ ನಿಲ್ಲುತ್ತದೆ ಅಂತ ಫೋಟೊ ತೆಗೆದು ತಾರೀಖು ಬರೆದಿಡಿ. ಹಳೇ ಶಾಲೆ ಗೋಡೆಯ ಮೇಲೆ ನೀರಿನ ಗುರುತು ಇದ್ದರೆ ಅದಕ್ಕೂ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮಾದರಿಯಲ್ಲಿ ಮೊದಲು ಇಡಬೇಕಾದ ನೀಲಿ ದಾರ ಅದೇ.